ನಾಲ್ಕು ಡಿಗ್ರಿ

ಬೆಳಿಗ್ಗೆ ಎಂಟಕ್ಕೆ, ಆರೋಗ್ಯ ಕೇಂದ್ರಕ್ಕೆ ಇನ್ನೂ ಯಾರೂ ಬಂದಿರದ ಹೊತ್ತಿನಲ್ಲಿ, ಅವಳು ಲಸಿಕೆಯ ಫ್ರಿಜ್ಜಿನ ಮುಂದೆ ಮಂಡಿಯೂರಿ ಕೂತು ಥರ್ಮಾಮೀಟರನ್ನು ನೋಡಿದಳು. ನಾಲ್ಕು ಡಿಗ್ರಿ. ಏನೂ ಆಗೇ ಇಲ್ಲವೆನ್ನುವ ಹಾಗೆ, ದೊಡ್ಡ ಸಂಭಾವಿತನಂತೆ, ಸರಿಯಾಗಿ ನಾಲ್ಕು. ಮೊನ್ನೆ ಸೋಮವಾರ ಸಂಜೆ ಇದೇ ಥರ್ಮಾಮೀಟರು ಸೊನ್ನೆಗಿಂತ ಮೂರು ಡಿಗ್ರಿ ಕೆಳಗೆ ತೋರಿಸಿತ್ತು. ಆಗ ಅವಳು ಮೊದಲು ಮಾಡಿದ ಕೆಲಸವೆಂದರೆ ಹಿಂತಿರುಗಿ ಬಾಗಿಲ ಕಡೆ ನೋಡಿದ್ದು. ಯಾರೂ ಇರಲಿಲ್ಲ. ಫ್ರಿಜ್ಜಿನ ಗುಂಡಿ ಅತಿ ತಣ್ಣಗಿನ ಕೊನೆಗೆ ತಿರುಗಿತ್ತು, ಅದನ್ನು ಸರಿಯಾದ ಜಾಗಕ್ಕೆ ತಂದಳು. ಆ ಸೋಮವಾರಕ್ಕೆ ಹತ್ತು ದಿನ ಮುಂಚೆ, ಶುಕ್ರವಾರ, ಅದನ್ನು ತಣ್ಣಗಿನ ಕಡೆ ತಿರುಗಿಸಿದ್ದು ಅವಳೇ. ಎರಡು ದಿನ ಕರೆಂಟ್ ಇರುವುದಿಲ್ಲವೆಂದು ಸುದ್ದಿ ಬಂದಿತ್ತು, ಮುಂಚಿತವಾಗಿ ಚೆನ್ನಾಗಿ ತಣ್ಣಗಾಗಿರಲಿ ಎಂದು. ಇದು ಹಳೆಯ ಸಿಸ್ಟರುಗಳು ಒಬ್ಬರಿಂದೊಬ್ಬರಿಗೆ ಹೇಳಿಕೊಟ್ಟುಕೊಂಡು ಬಂದ ಉಪಾಯ, ಯಾವ ಪುಸ್ತಕದಲ್ಲೂ ಇಲ್ಲ. ಕರೆಂಟ್ ಹೋಗಲಿಲ್ಲ. ಅವಳು ಗುಂಡಿಯನ್ನು ಹಿಂದಕ್ಕೆ ತಿರುಗಿಸಲು ಮರೆತಳು. ಮರೆತದ್ದು ಅಷ್ಟೇ ಆಗಿದ್ದರೆ ಮಾರನೆಯ ಬೆಳಿಗ್ಗೆಯೇ ಗೊತ್ತಾಗುತ್ತಿತ್ತು. ಎರಡರಿಂದ ಎಂಟು ಡಿಗ್ರಿಯೊಳಗೆ ಇದೆಯೇ ಎಂದು ದಿನಕ್ಕೆರಡು ಸಲ ನೋಡಿ ಬರೆಯಬೇಕೆಂದೇ ಫ್ರಿಜ್ಜಿನ ತಲೆಯ ಮೇಲೆ ಒಂದು ಪುಸ್ತಕವಿದೆ, ದಾರ ಕಟ್ಟಿದ ಪೆನ್ನೂ ಇದೆ. ಅವಳು ದಿನಕ್ಕೆರಡು ಸಲ ಬರೆದಿದ್ದಳು. ನೋಡಿರಲಿಲ್ಲ.

ಮೇಲಿನ ಐಸು ಖಾನೆಯಿಂದ, ನಿನ್ನೆ ಮಧ್ಯಾಹ್ನ ತಾನೇ ಇಟ್ಟಿದ್ದ ಒಂದು ಸೀಸೆಯನ್ನು ತೆಗೆದಳು. ಬೆರಳಿನ ಅರ್ಧದಷ್ಟು ಎತ್ತರದ ಗಾಜಿನ ಸೀಸೆ, ಒಳಗೆ ಕಲ್ಲಿನಂತೆ ಹೆಪ್ಪುಗಟ್ಟಿದ ಔಷಧಿ. ಅದಕ್ಕೆ ಬಿಳಿ ಪ್ಲಾಸ್ಟರಿನ ಒಂದು ತುಂಡು ಅಂಟಿಸಿದ್ದಳು, ಗುರುತಿಗೆ. ಕೆಳಗಿನ ಡಬ್ಬಿಯಿಂದ ಇನ್ನೊಂದು ಸೀಸೆ ತೆಗೆದಳು, ಗುರುತಿಲ್ಲದ್ದು. ಒಂದು ತಾನು ಬೇಕಂತಲೇ ಕೆಡಿಸಿದ್ದು, ಇನ್ನೊಂದು ಕೆಟ್ಟಿದೆಯೋ ಇಲ್ಲವೋ ಗೊತ್ತಿಲ್ಲದ್ದು. ಎಳೆ ಕೂಸುಗಳ ತೊಡೆಗೆ ಚುಚ್ಚುವ, ಐದು ರೋಗಕ್ಕೆ ಒಂದೇ ಸೂಜಿಯ ಲಸಿಕೆ. ಬಿಸಿಲಿಗಿಂತ ಅದಕ್ಕೆ ಹಿಮದ ಭಯ ಹೆಚ್ಚು. ಒಂದು ಸಲ ಹೆಪ್ಪುಗಟ್ಟಿತೋ, ಮುಗಿಯಿತು. ಕರಗಿದ ಮೇಲೆ ನೋಡಲು ಹಾಗೇ ಇರುತ್ತದೆ, ಚುಚ್ಚಿದರೆ ಕೂಸು ಹಾಗೇ ಅಳುತ್ತದೆ, ಒಳಗೆ ಮಾತ್ರ ಕೆಲಸ ಮಾಡುವುದಿಲ್ಲ. ಅದನ್ನು ಪತ್ತೆ ಮಾಡಲು ಒಂದೇ ದಾರಿ. ಬೇಕಂತಲೇ ಕೆಡಿಸಿದ್ದನ್ನೂ ಅನುಮಾನದ್ದನ್ನೂ ಒಟ್ಟಿಗೆ ಕುಲುಕಿ ಮೇಜಿನ ಮೇಲಿಟ್ಟು ಅರ್ಧ ಗಂಟೆ ಕಾಯಬೇಕು. ಕೆಟ್ಟದ್ದು ಬೇಗ ಬೇಗ ತಳಕ್ಕೆ ಕೂರುತ್ತದೆ, ಮೇಲೆ ತಿಳಿ ನೀರು ನಿಲ್ಲುತ್ತದೆ. ಒಳ್ಳೆಯದು ಹಾಲಿನಂತೆ ಹಾಗೇ ಇರುತ್ತದೆ. ಅವಳು ಎರಡನ್ನೂ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯಲ್ಲಿ ಸುತ್ತಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಕರಗಲಿ, ಆಮೇಲೆ ನೋಡೋಣ ಅಂದುಕೊಂಡಳು. ನಂತರ ಪುಸ್ತಕ ತೆಗೆದು, ಬೆಳಿಗ್ಗೆ ನಾಲ್ಕು ಎಂದು ಬರೆದಳು. ಈ ತಿಂಗಳಲ್ಲಿ ನೋಡಿ ಬರೆದ ನಾಲ್ಕು ಬಹುಶಃ ಇದೊಂದೇ ಇರಬೇಕು.

ಇವತ್ತು ಅವಳ ಕೊನೆಯ ದಿನ. ಹದಿನಾಲ್ಕು ವರ್ಷದ ಕೆಲಸಕ್ಕೆ ರಾಜೀನಾಮೆ ಕೊಟ್ಟು ಮೂರು ತಿಂಗಳಾಗಿತ್ತು. ಬರುವ ಸೋಮವಾರದಿಂದ ಒಂದು ವಿಮೆ ಕಂಪನಿಯಲ್ಲಿ ಕೂತು ಆಸ್ಪತ್ರೆಯ ಕಾಗದಗಳನ್ನು ಓದುವ ಕೆಲಸ. ಕುರ್ಚಿಯಿದೆ, ಕುರ್ಚಿಗೆ ಚಕ್ರವಿದೆ, ಒಂದು ಗಂಟೆಗೆ ಊಟದ ಬಿಡುವಿದೆ. ಎರಡು ಸಲ ಅವರು ದಿನ ಮುಂದೂಡಿದ್ದರು, ಏಕೆಂದರೆ ಇಲ್ಲಿ ಅವಳ ಜಾಗಕ್ಕೆ ಯಾರೂ ಬಂದಿರಲಿಲ್ಲ, ಬಂದವರು ಚಾರ್ಜ್ ತೆಗೆದುಕೊಂಡು ಸಾಮಾನುಗಳ ಪಟ್ಟಿಗೆ ಸಹಿ ಹಾಕದೆ ಬಿಡುಗಡೆ ಪತ್ರ ಕೊಡುವ ಹಾಗಿಲ್ಲ. ಮೂರನೆಯ ಸಲ ಕೇಳಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆಂದು ಕಂಪನಿಯ ಹುಡುಗಿ ಫೋನಿನಲ್ಲಿ ಬಹಳ ನಯವಾಗಿ ಹೇಳಿದ್ದಳು. ಗಂಡ ಆ ಕೆಲಸಕ್ಕೆಂದೇ ಒಂದು ಜೊತೆ ಚಪ್ಪಲಿ ತಂದಿಟ್ಟಿದ್ದ, ತೆಳ್ಳನೆಯ ಅಟ್ಟೆಯದು, ನಡೆಯಲು ಲಾಯಕ್ಕಿಲ್ಲದ್ದು. "ಇನ್ಮೇಲೆ ನೀನು ನಡೆಯೋದೇ ಬೇಡ" ಅಂದಿದ್ದ. ಮಗಳು ಅದನ್ನು ಹಾಕಿಕೊಂಡು ಮನೆಯೆಲ್ಲ ಟಕಟಕ ಓಡಾಡಿ, "ಇನ್ಮೇಲೆ ಅಮ್ಮ ಸ್ಪಿರಿಟ್ ವಾಸನೆ ಬರಲ್ಲ" ಎಂದು ಹಾಡು ಕಟ್ಟಿದ್ದಳು. ಅವಳೂ ನಕ್ಕಿದ್ದಳು. ನಗುತ್ತ ತನ್ನ ಅಂಗೈ ಮೂಸಿ ನೋಡಿಕೊಂಡಿದ್ದಳು.

ಮೊದಲು ಇಲ್ಲಿ ಮೂವರು ಸಿಸ್ಟರುಗಳಿದ್ದರು. ಗೋಡೆಯಲ್ಲಿ ಏಪ್ರನ್ ತೂಗು ಹಾಕಲು ಮೂರು ಮೊಳೆ. ಉದ್ದನೆಯವಳು ಕಡಲಾಚೆಯ ಆಸ್ಪತ್ರೆಗೆ ಹೋದಳು, ಹೋಗುವಾಗ ಎಲ್ಲರನ್ನೂ ತಬ್ಬಿಕೊಂಡು ಅತ್ತಳು, ಆಮೇಲೆ ಒಂದು ಫೋನೂ ಇಲ್ಲ. ನಗುಮುಖದವಳೆಂದು ಕರೆಯುತ್ತಿದ್ದ ಇನ್ನೊಬ್ಬಳು ಹೋದ ರೀತಿಯೇ ಬೇರೆ. ಒಂದು ಮಧ್ಯಾಹ್ನ, ಎಪ್ಪತ್ತು ಜನ ಹೊರಗೆ ಕೂತಿದ್ದಾಗ, ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ, ಊಟ ಮಾಡಿ ಬರ್ತೀನಿ ಅಂತ ಹೊರಟವಳು ಬರಲೇ ಇಲ್ಲ. ಏಳು ತಿಂಗಳಿಂದ ಏಪ್ರನ್ ಅಲ್ಲೇ ಇದೆ. ಜೇಬಿನಲ್ಲಿ ಅರ್ಧ ಬಿಸ್ಕತ್ತಿನ ಪೊಟ್ಟಣವಿತ್ತು, ಇರುವೆ ಮುತ್ತಿದಾಗ ಇವಳೇ ತೆಗೆದು ಬಿಸಾಡಿದಳು. ಡಾಕ್ಟರುಗಳಂತೂ ಮೂರು ವರ್ಷದಲ್ಲಿ ನಾಲ್ವರು. ಈಗಿರುವ ಹುಡುಗನಿಗೆ ಒಂಬತ್ತು ತಿಂಗಳಾದರೂ ಹೊಸ ಡಾಕ್ಟರೆಂದೇ ಹೆಸರು, ಅವನ ಕಡ್ಡಾಯ ಸೇವೆ ಮುಗಿಯಲು ಇನ್ನು ಮೂರೇ ತಿಂಗಳು. ಎಲ್ಲೂ ಹೋಗದವನು ಔಷಧಿ ಕೊಡುವಾತ ಒಬ್ಬನೇ. ಇಪ್ಪತ್ತೆರಡು ವರ್ಷದಿಂದ ಅದೇ ಕಿಟಕಿಯ ಹಿಂದೆ ಕೂತವನು. ಅವನನ್ನು ಎಲ್ಲರೂ ಶಾಶ್ವತ ಅನ್ನುತ್ತಿದ್ದರು, ಅವನ ಎದುರಿಗೇ. ಅವನಿಗೆ ಅದು ಬಿರುದಿನಂತೆ ಕೇಳಿಸುತ್ತಿತ್ತೋ ಏನೋ, ಕರೆದರೆ ಓಗೊಡುತ್ತಿದ್ದ.

ಮೂವರ ಕೆಲಸ ಒಬ್ಬಳ ಮೈಮೇಲೆ ಬಿದ್ದಾಗ ಮೊದಲು ಬಿಟ್ಟುಹೋದದ್ದು ಊಟ, ಆಮೇಲೆ ನಗು, ಆಮೇಲೆ ನೋಡುವುದು. ಕಣ್ಣು ತೆರೆದೇ ಇರುತ್ತಿತ್ತು, ನೋಡುತ್ತಿರಲಿಲ್ಲ. ಬೆಳಿಗ್ಗೆ ಬಂದವಳೇ ಬೆಳಗಿನದ್ದೂ ಸಂಜೆಯದ್ದೂ ಒಟ್ಟಿಗೆ ಬರೆದುಬಿಡುತ್ತಿದ್ದಳು, ಸಂಜೆ ಮನೆಮನೆ ಸುತ್ತಿ ನೇರ ಬಸ್ಸು ಹತ್ತುವುದಕ್ಕೆ. ಎಲ್ಲ ನಾಲ್ಕೇ ಬರೆದರೆ ಸುಳ್ಳು ಅಂತ ಗೊತ್ತಾಗುತ್ತೆ ಕಣೇ, ನಡುವೆ ಒಂದು ಐದು ಹಾಕು, ಎಂದು ಹೇಳಿಕೊಟ್ಟವಳು ಉದ್ದನೆಯವಳು. ನಾಲ್ಕು, ನಾಲ್ಕು, ಐದು, ನಾಲ್ಕು. ತಿಂಗಳ ಸಭೆಯಲ್ಲಿ ಮೇಲಿನವರು ಅವಳನ್ನು ನಿಲ್ಲಿಸಿ, ಪುಸ್ತಕದಲ್ಲಿ ಲಸಿಕೆ ಹಾಕಿದ ನಲವತ್ತೊಂದು ಮಕ್ಕಳು, ಮೊಬೈಲಿಗೆ ಏರಿಸಿದ್ದು ಮೂವತ್ತೊಂಬತ್ತು, ಇನ್ನೆರಡು ಮಕ್ಕಳನ್ನ ಮನೆಗೆ ತಗೊಂಡು ಹೋದ್ರಾ ಅಂತ ಕೇಳಿದ್ದರು. ಸಭೆಯೆಲ್ಲ ನಕ್ಕಿತು. ಆಮೇಲೆ ಅವರು ಬೇರೆ ವಿಷಯಕ್ಕೆ ಹೋದರು, ಅವಳಿಗೆ ಕೂತ್ಕೊಳ್ಳಿ ಅನ್ನಲು ಮರೆತರು. ನಲವತ್ತು ನಿಮಿಷ ನಿಂತೇ ಇದ್ದಳು. ಕೂತರೆ ಉದ್ಧಟತನ, ನಿಂತರೆ ಪೆದ್ದುತನ. ಚಹಾ ತಂದವನು ಅವಳ ಕೈಗೂ ಒಂದು ಲೋಟ ಕೊಟ್ಟ, ನಿಂತುಕೊಂಡೇ ಕುಡಿದಳು. ಅವತ್ತು ಮನೆಗೆ ಬಂದು ರಾಜೀನಾಮೆ ಬರೆದಳು. ಆ ನಲವತ್ತು ನಿಮಿಷಕ್ಕೂ ಈ ಸೀಸೆಗಳಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಅವಳಿಗೆ ಹೇಳಲು ಬರುವುದಿಲ್ಲ. ಮೇಲಿನವರ ತಲೆಗೆ ಕಟ್ಟಿ ಕೈತೊಳೆದುಕೊಳ್ಳೋಣವೆಂದರೆ ಅದೂ ಆಗುವುದಿಲ್ಲ, ಯಾಕೆಂದರೆ ಹೆಬ್ಬೆರಳಿಗೆ ಗೊತ್ತಿತ್ತು.

ಅದೇ ಅವಳನ್ನು ಎರಡು ದಿನದಿಂದ ತಿನ್ನುತ್ತಿದ್ದದ್ದು. ಕಳೆದ ಗುರುವಾರ ಲಸಿಕೆಯ ದಿನ. ಹೊರಗೆ ಸಾಲು ಬಾಗಿಲು ದಾಟಿತ್ತು, ಒಂದು ಕೂಸು ಅತ್ತರೆ ಎಲ್ಲ ಕೂಸುಗಳೂ ಅಳುತ್ತಿದ್ದವು. ಫ್ರಿಜ್ಜಿನ ಹಿಂಬದಿಗೆ ಕೈಹಾಕಿ ಸೀಸೆ ತೆಗೆದಾಗ ಗಾಜಿನ ಮೇಲೆ ಬೆಳ್ಳಗೆ, ನುಣ್ಣಗೆ, ಏನೋ ಕೂತಿತ್ತು. ಹೆಬ್ಬೆರಳಿನಿಂದ ಅದನ್ನು ಉಜ್ಜಿ ಒರೆಸಿದಳು. ಚೆನ್ನಾಗಿ ತಣ್ಣಗಿದೆ ಅಂದುಕೊಂಡಳು. ಅಂದುಕೊಂಡಳೋ, ಈಗ ಹಾಗೆ ನೆನಪಿಸಿಕೊಳ್ಳುತ್ತಿದ್ದಾಳೋ. ಆ ಕ್ಷಣದಲ್ಲಿ ಒಂದು ಸಣ್ಣ ಅನುಮಾನ ಎದ್ದಿತ್ತು, ಎದ್ದದ್ದನ್ನು ಅವಳು ಉಜ್ಜಿ ಹಾಕಿದ್ದಳು, ಹಿಮವನ್ನು ಉಜ್ಜಿದ ಹಾಗೆಯೇ. ಹೊರಗೆ ಜನ ಕಾಯುತ್ತಿದ್ದರು. ತಂಪುಪೆಟ್ಟಿಗೆಯಲ್ಲಿಟ್ಟು ಸಾಲಿನ ಬಳಿ ಕೂತು ಮೊದಲ ಕೂಸಿನ ಸರದಿ ಬರುವಷ್ಟರಲ್ಲಿ ಎಲ್ಲ ಕರಗಿ ಸಾಧುವಾಗಿತ್ತು. ಹತ್ತೊಂಬತ್ತು ಕೂಸುಗಳು. ಹತ್ತೊಂಬತ್ತು ತೊಡೆ. ಪ್ರತಿ ತಾಯಿಗೂ ಅದೇ ಮಾತು ಹೇಳಿದ್ದಳು, ಜ್ವರ ಬಂದ್ರೆ ಹೆದರ್ಬೇಡಿ, ಒಳಗೆ ಔಷಧಿ ಕೆಲಸ ಮಾಡ್ತಿದೆ ಅಂತ ಅರ್ಥ.

ಹತ್ತು ಗಂಟೆಗೆ ಅವಳ ಜಾಗಕ್ಕೆ ಹೊಸಬಳು ಬಂದಳು. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇರಬೇಕು, ಇಸ್ತ್ರಿಯ ಗೆರೆ ಇನ್ನೂ ಬಿಡದ ಏಪ್ರನ್, ಕೈಯಲ್ಲಿ ಹೊಸ ನೋಟ್‌ಪುಸ್ತಕ. ಅವಳ ಜೊತೆ ಅಣ್ಣನೂ ಬಂದಿದ್ದ, ಬಾಗಿಲಲ್ಲಿ ನಿಂತು ಕಟ್ಟಡವನ್ನು ಹೆಣ್ಣು ನೋಡಲು ಬಂದವರ ಹಾಗೆ ಮೇಲೆ ಕೆಳಗೆ ನೋಡಿ, ಸಂಜೆ ಬರ್ತೀನೆಂದು ಹೋದ. ಹೊಸಬಳು ಮೊದಲ ಮಾತಿಗೇ ಅಕ್ಕಾ ಅಂದಳು. "ಅಕ್ಕಾ, ನೀವು ಹೇಳಿದ್ದೆಲ್ಲ ಬರ್ಕೋತೀನಿ, ಆಮೇಲೆ ಫೋನ್ ಮಾಡಿ ತೊಂದ್ರೆ ಕೊಡಲ್ಲ." ಇಬ್ಬರೂ ಚಾರ್ಜ್ ಪಟ್ಟಿ ಹಿಡಿದು ಕೋಣೆ ಕೋಣೆ ಸುತ್ತಿದರು. ಕುರ್ಚಿ ಆರು, ಒಂದರ ಕಾಲು ಮುರಿದದ್ದು. ತೂಕದ ತಕ್ಕಡಿ ಎರಡು, ದೊಡ್ಡವರದ್ದು ಸರಿಯಿದೆ, ಕೂಸುಗಳದ್ದು ನೂರು ಗ್ರಾಂ ಜಾಸ್ತಿ ತೋರಿಸುತ್ತದೆ, ಕಳೆದು ಬರೆಯಬೇಕು. ಕತ್ತರಿ, ಚಿಮಟ, ಟ್ರೇ, ಒಡೆದ ಬಕೆಟ್ಟು. ಪ್ರತಿ ಸಾಲಿನ ಮುಂದೆ ಹೊಸಬಳು ಪುಟ್ಟದಾಗಿ ಒಂದು ಗುರುತು ಹಾಕುತ್ತಿದ್ದಳು. ಎಲ್ಲ ಮುಗಿದ ಮೇಲೆ ಕೆಳಗೆ ಒಂದೇ ಸಹಿ. ಆ ಸಹಿ ಬಿದ್ದ ಮರುಕ್ಷಣದಿಂದ ಮುರಿದ ಕುರ್ಚಿಯೂ ಹೊಸಬಳದ್ದೇ, ಸುಳ್ಳು ಹೇಳುವ ತಕ್ಕಡಿಯೂ ಅವಳದ್ದೇ, ಫ್ರಿಜ್ಜಿನೊಳಗೆ ಉಳಿದಿದ್ದ ಹದಿಮೂರು ಸೀಸೆಗಳೂ ಅವಳದ್ದೇ. ನಾಳೆ ಗುರುವಾರ. ನಾಳೆ ಆ ಸೀಸೆಗಳನ್ನು ತೆಗೆದು ಚುಚ್ಚುವವಳು ಈ ಹುಡುಗಿ.

"ಇಪ್ಪತ್ತೇಳು. ಲಸಿಕೆ ಫ್ರಿಜ್ಜು ಒಂದು, ಸುಸ್ಥಿತಿಯಲ್ಲಿ" ಎಂದು ಹೊಸಬಳು ಓದಿದಳು. ಬಗ್ಗಿ ಥರ್ಮಾಮೀಟರ್ ನೋಡಿದಳು. "ನಾಲ್ಕಿದೆ. ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಕ್ಕಾ." ಪುಸ್ತಕ ತೆಗೆದು ಪುಟ ತಿರುವಿದಳು. ಅವಳ ಬೆರಳು ಇವತ್ತಿನ ಸಾಲಿನ ಮೇಲೆ ನಿಂತಿತು. "ಅಯ್ಯೋ ಅಕ್ಕಾ, ಸಂಜೇದೂ ಬರೆದಿದ್ದೀರಲ್ಲ! ಇನ್ನೂ ಹನ್ನೊಂದು ಗಂಟೆ."

ಅವಳು ನೋಡಿದಳು. ಬೆಳಿಗ್ಗೆ ನಾಲ್ಕು, ಅದರ ಪಕ್ಕ ಸಂಜೆ ನಾಲ್ಕು, ತನ್ನದೇ ದುಂಡಗಿನ ಅಕ್ಷರ. ಯಾವಾಗ ಬರೆದೆ? ಎಂಟು ಗಂಟೆಗೆ, ಕೆಡಿಸಿದ ಸೀಸೆಯನ್ನು ಜೇಬಿನಲ್ಲಿಟ್ಟುಕೊಂಡು, ಹತ್ತು ದಿನದ ಸುಳ್ಳಿಗೆ ಎರಡು ರಾತ್ರಿ ಒಂದು ಹಗಲು ನರಳಿ ಬಂದು, ಮತ್ತೆ ಅದೇ ಕೈ ಅದೇ ಕೆಲಸ ಮಾಡಿತ್ತು. ಅವಳಿಗೆ ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು. "ಅಭ್ಯಾಸ" ಅಂದಳು, ನಕ್ಕ ಹಾಗೆ ಮಾಡಿದಳು. ಹೊಸಬಳೂ ನಕ್ಕಳು, ಗುಟ್ಟೊಂದರಲ್ಲಿ ಪಾಲು ಸಿಕ್ಕವಳ ನಗು. "ಓಹೋ, ಹೀಗೂ ಮಾಡ್ಬಹುದಾ? ಕಾಲೇಜಲ್ಲಿ ಇದೆಲ್ಲ ಹೇಳ್ಕೊಡಲ್ಲ ನೋಡಿ." ಮತ್ತು ತನ್ನ ನೋಟ್‌ಪುಸ್ತಕ ತೆಗೆದು, ನಿಜಕ್ಕೂ, ಅದನ್ನು ಬರೆದುಕೊಂಡಳು. ಬೇಡ ಅನ್ನಬೇಕೆಂದು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಶಾಶ್ವತ ಬಾಗಿಲಿನಿಂದ ಇಣುಕಿ, ಎಲ್ಲ ಸೇರಿದ್ದಾರೆ, ಬನ್ನಿ ಬನ್ನಿ, ಭಾಷಣ ಆರಿ ಹೋಗುತ್ತೆ, ಎಂದು ಕರೆದ. ಪಟ್ಟಿ ಸಹಿಯಿಲ್ಲದೆ ಮೇಜಿನ ಮೇಲೆ ಉಳಿಯಿತು.

ಬೀಳ್ಕೊಡುಗೆಯೆಂದರೆ ಡಾಕ್ಟರ ಕೋಣೆಯಲ್ಲಿ ಚಹಾ, ಬಿಸ್ಕತ್ತು, ಶಾಶ್ವತನ ಭಾಷಣ. ಭಾಷಣ ಒಂದೇ, ಹೋಗುವವರು ಮಾತ್ರ ಬೇರೆ ಬೇರೆ. "ಇವರ ಸೇವೆಯನ್ನು ಈ ಕೇಂದ್ರ ಎಂದೂ ಮರೆಯುವುದಿಲ್ಲ" ಎಂದು ಅವನು ಉದ್ದನೆಯವಳಿಗೂ ಹೇಳಿದ್ದ, ನಾಲ್ವರಲ್ಲಿ ಮೂವರು ಡಾಕ್ಟರಿಗೂ ಹೇಳಿದ್ದ, ಅವರ ಹೆಸರು ಈಗ ಯಾರಿಗೂ ನೆನಪಿಲ್ಲ. ಕೊನೆಗೆ ಒಂದು ಪ್ಲಾಸ್ಟಿಕ್ ಹೂಗುಚ್ಛ ಕೊಡುತ್ತಾನೆ, ಫೋಟೋ ತೆಗೆದಾದ ಮೇಲೆ ಮುಂದಿನವರಿಗೆ ಬೇಕಾಗುತ್ತೆ ಎಂದು ವಾಪಸು ತೆಗೆದುಕೊಂಡು ಕಪಾಟಿನಲ್ಲಿಡುತ್ತಾನೆ. ಇದು ಎಲ್ಲರಿಗೂ ಗೊತ್ತಿರುವ ತಮಾಷೆ. ಇವಳಿಗೆ ಕೊಡುವಾಗ ಮಾತ್ರ ಅವನು ಗುಚ್ಛದ ಧೂಳು ಒರೆಸಿ, "ಇದನ್ನ ನೀವೇ ಇಟ್ಕೊಂಡ್ಬಿಡಿ ಸಿಸ್ಟರ್. ನನಗೂ ಸಾಕಾಯ್ತು" ಅಂದ. ಎಲ್ಲರೂ ನಕ್ಕರು. ಅವನು ನಗಲಿಲ್ಲ. ಹೊಸ ಡಾಕ್ಟರು ಬಿಡುಗಡೆ ಪತ್ರಕ್ಕೆ ಆಗಲೇ ಸಹಿ ಹಾಕಿ ಪೇಪರ್‌ವೇಟಿನ ಕೆಳಗಿಟ್ಟಿದ್ದ. "ಪಟ್ಟಿ ಸಹಿ ಆಯ್ತಾ? ಆದ್ರೆ ತಗೊಂಡು ಹೊರಡ್ಬಹುದು" ಅಂದ. ಫ್ಯಾನಿನ ಗಾಳಿಗೆ ಪತ್ರದ ಒಂದು ಮೂಲೆ ಎದ್ದೆದ್ದು ಬೀಳುತ್ತಿತ್ತು. ಅವಳು ಅದನ್ನೇ ನೋಡುತ್ತ ಚಹಾ ಕುಡಿದಳು. ಜೇಬಿನಲ್ಲಿ ಸೀಸೆಗಳು ತೊಡೆಗೆ ತಾಗುತ್ತಿದ್ದವು. ತಣ್ಣಗಿರಲಿಲ್ಲ, ಯಾವಾಗಲೋ ಕರಗಿ ಮೈಯ ಬಿಸಿಗೆ ಬಂದಿದ್ದವು.

ಏನು ಮಹಾ, ಎಂದು ಮನಸ್ಸು ವಾದಕ್ಕೆ ಕೂತಿತು. ಹತ್ತೊಂಬತ್ತರಲ್ಲಿ ಎಷ್ಟು ಮಕ್ಕಳಿಗೆ ನಿಜಕ್ಕೂ ಕಾಯಿಲೆ ಬರುತ್ತೆ? ಬರದೇ ಇರಬಹುದು, ಒಂದಕ್ಕೂ. ಮುಂದಿನ ಡೋಸು ಇದ್ದೇ ಇದೆ. ಥರ್ಮಾಮೀಟರು ಬಾಗಿಲ ಹತ್ತಿರದ್ದು, ಅದು ತಪ್ಪು ತೋರಿಸಿರಬಹುದು. ಗುರುವಾರದ ಹೊತ್ತಿಗೆ ಅಷ್ಟು ತಣ್ಣಗಾಗಿರಲಿಕ್ಕಿಲ್ಲ. ಎರಡು ಸೀಸೆಗಳನ್ನೂ ಹೋಗುತ್ತ ಚರಂಡಿಗೆ ಎಸೆದರೆ ತಾನೂ ತಿಳಿಯದವಳೇ, ತಿಳಿಯದೆ ಮಾಡಿದ್ದಕ್ಕೆ ಪಾಪವಿಲ್ಲ. ಉಳಿದ ಹದಿಮೂರು ಮಾತ್ರ ಫ್ರಿಜ್ಜಿನಲ್ಲೇ ಇದ್ದವು, ನಾಳೆಗೆ. ಹೆಬ್ಬೆರಳನ್ನು ಲೋಟಕ್ಕೆ ಒತ್ತಿಕೊಂಡಳು. ಸುಡುತ್ತಿತ್ತು, ತೆಗೆಯಲಿಲ್ಲ.

ಕೋಣೆಯಿಂದ ಹೊರಗೆ ಬಂದರೆ ಬೆಂಚಿನ ಮೇಲೆ ಒಬ್ಬ ಅಜ್ಜಿ, ಮಡಿಲಲ್ಲಿ ಮೂರು ತಿಂಗಳ ಕೂಸು. ಪಕ್ಕದಲ್ಲಿ ಸೊಸೆ, ಕೆಮ್ಮಿಗೆ ಔಷಧಿ ತೆಗೆದುಕೊಳ್ಳಲು ಬಂದವಳು. ಅಜ್ಜಿ ಅವಳನ್ನು ನೋಡಿದ್ದೇ ಕೂಸನ್ನು ಎತ್ತಿ ತೋರಿಸಿದಳು. "ಇವರೇ ಕಣೇ, ಇವರೇ. ನೋಡಿ ಸಿಸ್ಟರ್, ಮೊದಲನೇ ಸೂಜಿ ಬೇರೆ ಆಸ್ಪತ್ರೇಲಿ ಹಾಕ್ಸಿದ್ವು, ಮಾರಾಯ್ತಿ ಏನು ಚುಚ್ಚಿದ್ಲೋ ಏನೋ, ಎರಡು ದಿನ ಜ್ವರ, ಮನೆಮಂದಿಗೆಲ್ಲ ನಿದ್ದೆ ಇಲ್ಲ. ಹೋದ ಗುರುವಾರ ನೀವು ಹಾಕಿದ್ರಲ್ಲ, ಒಂದು ಚೂರು ಬಿಸಿ ಕೂಡ ಆಗ್ಲಿಲ್ಲ ಮೈ! ಅತ್ತೂ ಇಲ್ಲ, ಕರೆದೂ ಇಲ್ಲ. ಕೈಗುಣ ಅಂದ್ರೆ ಇದು." ಸೊಸೆ ನಾಚಿಕೊಂಡು, "ಬೀದೀಲೆಲ್ಲ ಹೇಳ್ಕೊಂಡು ಬಂದಿದ್ದಾರೆ. ನಮ್ಮ ಪಕ್ಕದ ಮನೆ ಕೂಸಿಗೂ ಜ್ವರ ಬರ್ಲಿಲ್ವಂತೆ. ನಾಳೆ ಎದುರು ಮನೆಯವರು ಕರ್ಕೊಂಡು ಬರ್ತಾರೆ, ನೀವೇ ಹಾಕ್ತೀರಲ್ವಾ?" ಎಂದು ಕೇಳಿದಳು. ಎಷ್ಟೋ ಮಕ್ಕಳಿಗೆ ಜ್ವರ ಬರುವುದೇ ಇಲ್ಲ, ಅದರಿಂದ ಏನನ್ನೂ ಹೇಳಲಾಗುವುದಿಲ್ಲ, ಇದು ಅವಳಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಕೈ ಜೇಬಿನ ಸೀಸೆಗಳ ಕಡೆ ಹೋಯಿತು. ಅಜ್ಜಿ ಅವಳ ಬಲಗೈ ಹಿಡಿದು ಕೂಸಿನ ತಲೆಯ ಮೇಲಿಟ್ಟಳು. ನೆತ್ತಿ ಮೆತ್ತಗಿತ್ತು, ಕೆಳಗೆ ಏನೋ ಲಯವಾಗಿ ಬಡಿಯುತ್ತಿತ್ತು. ಕೂಸು ಅವಳ ಮುಖ ನೋಡಿ, ಯಾವ ಕಾರಣವೂ ಇಲ್ಲದೆ, ಹಲ್ಲಿಲ್ಲದ ಬಾಯಿ ತೆರೆದು ನಕ್ಕಿತು. ಅವಳು ಕೈ ಎಳೆದುಕೊಂಡು ಲಸಿಕೆಯ ಕೋಣೆಗೆ ನಡೆದಳು.

ಹೊಸಬಳು ಪಟ್ಟಿಯ ಮುಂದೆ ಕೂತಿದ್ದಳು, ಪೆನ್ನು ತೆರೆದಿತ್ತು. "ಸಹಿ ಎಲ್ಲಿ ಹಾಕ್ಲಿ ಅಕ್ಕಾ, ಇಲ್ಲೇನಾ?"

"ಒಂದು ನಿಮಿಷ ತಡಿ" ಅಂದಳು. ಜೇಬಿನಿಂದ ಗಾಜ್ ಬಟ್ಟೆಯ ಸುರುಳಿ ತೆಗೆದು ಬಿಚ್ಚಿದಳು. ಎರಡೂ ಸೀಸೆಗಳನ್ನು ಒಂದೇ ಕೈಯಲ್ಲಿ ಹಿಡಿದು ಹತ್ತೆಂಟು ಸಲ ಬಲವಾಗಿ ಕುಲುಕಿ ಮೇಜಿನ ಮೇಲೆ, ಚಾರ್ಜ್ ಪಟ್ಟಿಯ ಪಕ್ಕದಲ್ಲಿ ನಿಲ್ಲಿಸಿದಳು. ಕಾಲೇಜಿನಿಂದ ಈಗಷ್ಟೇ ಬಂದವಳಿಗೆ ಅದೇನೆಂದು ವಿವರಿಸಬೇಕಾಗಿರಲಿಲ್ಲ. ಹುಡುಗಿಯ ಮುಖದಲ್ಲಿದ್ದ ನಗು ಮೆಲ್ಲಗೆ ಇಳಿಯಿತು. ಇಬ್ಬರೂ ಎದುರುಬದುರು ಕೂತು ನೋಡಿದರು. ಹೊರಗೆ ಶಾಶ್ವತ ಯಾರಿಗೋ, ದಿನಕ್ಕೆ ಮೂರು, ಊಟ ಆದ್ಮೇಲೆ, ಎಂದು ಹೇಳುತ್ತಿದ್ದ. ಮೊದಲು ಎರಡೂ ಬೆಳ್ಳಗಿದ್ದವು. ಅವಳು ದೇವರನ್ನು ನೆನೆಯುವವಳಲ್ಲ, ಆದರೂ ಬಾಯೊಳಗೆ ಏನೋ ಪಿಸುಗುಟ್ಟಿಕೊಂಡಳು. ಐದು ನಿಮಿಷಕ್ಕೆ ಪ್ಲಾಸ್ಟರ್ ಅಂಟಿಸಿದ ಸೀಸೆಯಲ್ಲಿ ಚೂರುಚೂರು ಚಕ್ಕೆಗಳು ಕಾಣಿಸಿದವು, ತೇಲುತ್ತ ತಳಕ್ಕೆ ಇಳಿಯತೊಡಗಿದವು. ಗುರುತಿಲ್ಲದ ಸೀಸೆಯಲ್ಲೂ ಇಳಿಯತೊಡಗಿದವು. ಹತ್ತು ನಿಮಿಷಕ್ಕೆ ಎರಡರ ಮೇಲೂ ಒಂದೇ ಎತ್ತರಕ್ಕೆ ತಿಳಿ ನೀರು ನಿಂತಿತು. ಪ್ಲಾಸ್ಟರ್ ಕಿತ್ತರೆ ಯಾವುದು ಯಾವುದೆಂದು ಹೇಳಲಾಗದಷ್ಟು ಒಂದೇ ಥರ. ಅರ್ಧ ಗಂಟೆ ಕಾಯುವ ಅಗತ್ಯ ಬೀಳಲಿಲ್ಲ.

"ಗುರುವಾರ ಇದನ್ನೇ ಹಾಕಿದ್ದೀನಿ" ಅಂದಳು. "ಹತ್ತೊಂಬತ್ತು ಮಕ್ಕಳಿಗೆ. ಪುಸ್ತಕದಲ್ಲಿರೋ ನಾಲ್ಕು ಒಂದೂ ನಿಜ ಅಲ್ಲ."

ಹೊಸಬಳು ಪೆನ್ನಿಗೆ ಮುಚ್ಚಳ ಹಾಕಿದಳು. ಟಿಕ್ ಎಂದು ಸಣ್ಣ ಸದ್ದಾಯಿತು. "ನಾನು ಸಹಿ ಹಾಕಿದ್ರೆ ಇದು ನನ್ನ ಕುತ್ತಿಗೆಗೆ ಬರುತ್ತಾ ಅಕ್ಕಾ?" ಎಂದು ಕೇಳಿದಳು. ಇಲ್ಲ, ನಾನೇ ಬರೆದುಕೊಡ್ತೀನಿ, ನಿನಗೇನೂ ಆಗಲ್ಲ, ಅಂದಳು ಇವಳು. ಹೇಳುವಾಗಲೇ ಅದು ಎಷ್ಟು ಸಪ್ಪೆ ಮಾತೆಂದು ತನಗೇ ಕೇಳಿಸಿತು. ಹುಡುಗಿ ಗೋಡೆಯ ಮೊಳೆಗಳ ಕಡೆ ನೋಡಿದಳು, ಏಳು ತಿಂಗಳಿಂದ ನೇತಾಡುತ್ತಿದ್ದ ಏಪ್ರನ್ನಿನ ಕಡೆ ನೋಡಿದಳು. "ಇಲ್ಲಿ ಇನ್ನೊಬ್ರು ಯಾರೂ ಇಲ್ವಾ? ನಾನೊಬ್ಳೇನಾ?" ಹುಡುಗಿ ನೋಟ್‌ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು. "ಮನೇಲಿ ಒಂದ್ಸಲ ಕೇಳ್ಕೊಂಡು ಬರ್ತೀನಿ ಅಕ್ಕಾ" ಅಂದಳು. ಕೋಪವಿರಲಿಲ್ಲ ಅವಳ ದನಿಯಲ್ಲಿ. ಊಟ ಮಾಡಿ ಬರ್ತೀನಿ ಅಂತ ಹೋದವಳ ದನಿಯಲ್ಲೂ ಇರಲಿಲ್ಲ. ಅಂಗಳ ದಾಟಿ ಗೇಟಿನಾಚೆ ನಿಂತು ಅಣ್ಣನಿಗೆ ಫೋನ್ ಮಾಡುತ್ತಿದ್ದದ್ದು ಕಿಟಕಿಯಿಂದ ಕಾಣಿಸಿತು.

ಹೊಸ ಡಾಕ್ಟರು ಎಲ್ಲವನ್ನೂ ಕೇಳಿ, ಎದ್ದು ಬಾಗಿಲು ಹಾಕಿ ಬಂದ. ಅವನಿಗೆ ಇಪ್ಪತ್ತಾರು ವಯಸ್ಸು, ಹಣೆಯ ಮೇಲೆ ಬೆವರು. "ಸಿಸ್ಟರ್, ಆ ಉಳಿದ ಸೀಸೆಗಳನ್ನ ಒಡೆದುಹೋಯ್ತು ಅಂತ ಬರೆಯೋಣ. ನೀವು ಪತ್ರ ತಗೊಂಡು ಹೊರಡಿ. ಪಟ್ಟಿ ನಾನು ನೋಡ್ಕೋತೀನಿ. ನೀವು ಹೇಳಿದ್ದು ನನಗೆ ಕೇಳಿಸ್ಲಿಲ್ಲ" ಅಂದ. ಪೇಪರ್‌ವೇಟನ್ನು ಪಕ್ಕಕ್ಕೆ ಸರಿಸಿ ಪತ್ರವನ್ನು ಅವಳ ಕಡೆ ನೂಕಿದ. ಒಂದು ಹಾಳೆ, ಎರಡು ಸಾಲು, ಒಂದು ಮೊಹರು. ಎಷ್ಟು ಸುಲಭ. ಅವಳ ಕೈ ಮುಂದೆ ಹೋಯಿತು, ಹೋಗಲಿಲ್ಲವೆಂದರೆ ಸುಳ್ಳಾಗುತ್ತದೆ. ಬೆರಳು ಕಾಗದದ ಅಂಚಿಗೆ ತಾಗಿತು. ಚಕ್ರದ ಕುರ್ಚಿ, ಒಂದು ಗಂಟೆಯ ಊಟ, ಮಗಳ ಟಕಟಕ. "ಮತ್ತೆ ಆ ಹತ್ತೊಂಬತ್ತು?" ಎಂದು ಕೇಳಿದಳು. ಅವನು ಕಿಟಕಿಯ ಕಡೆ ತಿರುಗಿಕೊಂಡ. "ಇನ್ನು ಮೂರು ತಿಂಗಳು ನನಗೆ. ಅಷ್ಟೇ. ಮೂರೇ ತಿಂಗಳು ಸಿಸ್ಟರ್." ಅವನು ಅಳುತ್ತಾನೇನೋ ಅನಿಸಿತು. ಪಾಪ ಅನಿಸಿತು, ಸಿಟ್ಟೂ ಬಂತು, ಸಿಟ್ಟು ಅವನ ಮೇಲಲ್ಲ. ಮೇಜಿನಿಂದ ಒಂದು ಬಿಳಿ ಹಾಳೆ ತೆಗೆದುಕೊಂಡು ನಿಂತೇ ಬರೆದಳು. ಶುಕ್ರವಾರ ಗುಂಡಿ ತಿರುಗಿಸಿದ್ದು, ನೋಡದೆ ಬರೆದದ್ದು, ಗುರುವಾರ ಗಾಜಿನ ಮೇಲಿನ ಹಿಮವನ್ನು ಉಜ್ಜಿದ್ದು, ಸೋಮವಾರ ಗೊತ್ತಾದ ಮೇಲೂ ಎರಡು ದಿನ ಬಾಯಿಮುಚ್ಚಿಕೊಂಡಿದ್ದು. ಕೂತ್ಕೊಳ್ಳಿ ಅಂತ ಅವನು ಹೇಳಲಿಲ್ಲ, ಅವಳು ಅದನ್ನು ಗಮನಿಸಲೂ ಇಲ್ಲ. ಅವನು ಓದಿದ. ಬಿಡುಗಡೆ ಪತ್ರವನ್ನು ಎರಡಾಗಿ ಮಡಿಸಿ ಡ್ರಾಯರಿನಲ್ಲಿಟ್ಟ.

ಮಧ್ಯಾಹ್ನ ಮೇಲಿನವರ ಫೋನು ಬಂತು. ಇಪ್ಪತ್ತು ನಿಮಿಷ ಬೈದರು. ವಿಚಾರಣೆ ಮುಗಿಯೋ ತನಕ ಕದಲೋ ಹಾಗಿಲ್ಲ, ಹೊಸ ಲಸಿಕೆ ಕಳಿಸ್ತೀವಿ, ಹತ್ತೊಂಬತ್ತು ಮನೆಗೂ ನೀವೇ ಹೋಗಿ, ನೀವೇ ಹೇಳಿ, ನೀವೇ ಮತ್ತೆ ಹಾಕಿ ಅಂದರು. ಅವಳು ಸರಿ ಸಾರ್, ಸರಿ ಸಾರ್ ಅನ್ನುತ್ತಲೇ ಹತ್ತೊಂಬತ್ತು ವಿಳಾಸಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡಳು. ಅಜ್ಜಿಯ ಮನೆ ಮೊದಲನೆಯದು. ಕೈಗುಣ ಅಂದವಳ ಮುಂದೆ ನಿಂತು ಏನು ಹೇಳಬೇಕು, ಯಾವ ಮಾತಿನಿಂದ ಶುರುಮಾಡಬೇಕು, ಬೀದಿಯವರೆಲ್ಲ ಸೇರಿದರೆ ಮುಖ ಎಲ್ಲಿಡಬೇಕು. ಗಂಡನಿಗೆ ಫೋನ್ ಮಾಡಿದಳು. ಅವನು ಎಲ್ಲ ಕೇಳಿಸಿಕೊಂಡು, "ಹಾಗಾದ್ರೆ ಸೋಮವಾರ?" ಅಂದ. "ಸೋಮವಾರ ಇಲ್ಲ" ಅಂದಳು. "ಚಪ್ಪಲಿ ವಾಪಸ್ ತಗೋತಾರಾ ಕೇಳ್ನೋಡ್ತೀನಿ" ಅಂದ ಅವನು, ಬೇಜಾರಿನಿಂದಲ್ಲ, ಬೇರೇನು ಹೇಳಬೇಕೆಂದು ತೋಚದೆ. ಫೋನ್ ಇಟ್ಟ ಮೇಲೆ ಅವಳು ಕೈತೊಳೆಯುವ ಜಾಗಕ್ಕೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು. ಶಾಶ್ವತ ಬಂದು ಬಾಗಿಲಾಚೆ ನಿಂತಿದ್ದು, ಕೆಮ್ಮಿ, ಹೋದ. ಹೊರಗೆ ಬಂದು ನೋಡಿದರೆ ಪ್ಲಾಸ್ಟಿಕ್ ಹೂಗುಚ್ಛ ಅವಳ ಮೇಜಿನ ಮೇಲಿರಲಿಲ್ಲ. ಕಪಾಟಿಗೆ ವಾಪಸು ಹೋಗಿತ್ತು.

ಐದು ಗಂಟೆಗೆ ಎಲ್ಲರೂ ಹೋದರು. ಅವಳು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ತನಕ ಹೋಗಿ, ನೆನಪಾಗಿ ಹಿಂದಕ್ಕೆ ಬಂದಳು. ಪುಸ್ತಕ ತೆರೆದು ಹತ್ತು ದಿನದ ಅಂಕಿಗಳ ಮೇಲೆ ಒಂದೊಂದಾಗಿ ಗೆರೆ ಎಳೆದಳು, ಪ್ರತಿ ಗೆರೆಯ ಪಕ್ಕದಲ್ಲಿ ಸಹಿ ಹಾಕಿದಳು. ಇವತ್ತಿನ ಸಂಜೆಯ ನಾಲ್ಕನ್ನೂ ಹೊಡೆದುಹಾಕಿದಳು. ಫ್ರಿಜ್ಜಿನ ಬಾಗಿಲು ತೆಗೆದು ಮಂಡಿಯೂರಿದಳು. ಒಳಗಿನ ತಂಪು ಮುಖಕ್ಕೆ ಬಡಿಯಿತು. ಥರ್ಮಾಮೀಟರಿನ ಕೆಂಪು ಗೆರೆಯನ್ನು, ಕಣ್ಣು ಅದರ ಮಟ್ಟಕ್ಕೆ ತಂದು, ಕಾಲೇಜಿನಲ್ಲಿ ಮೊದಲ ಸಲ ಹೇಳಿಕೊಟ್ಟ ಹಾಗೆ, ನಿಧಾನವಾಗಿ ನೋಡಿದಳು. ನಾಲ್ಕಿರಲಿಲ್ಲ, ಐದೂ ಇರಲಿಲ್ಲ. ಆರಿತ್ತು. ಆರು ಎಂದು ಬರೆದು, ಪೆನ್ನನ್ನು ದಾರದಲ್ಲಿ ಇಳಿಬಿಟ್ಟು, ನಾಳೆ ಬೇಕಾಗುವ ಏಪ್ರನ್ನನ್ನು ತನ್ನ ಮೊಳೆಗೆ ಹಾಕಿದಳು.